ಎಣ್ಣೆ ಬಟ್ಟಲಿನ ಗುಂಡುಗಳು

ನಮ್ಮ ದೇವರ ಮನೆಯಲ್ಲಿ ಒಂದು ಹಿತ್ತಾಳೆ ಬಟ್ಟಲಿದೆ. ವರ್ಷವೆಲ್ಲ ಅದರಲ್ಲಿ ಊದುಬತ್ತಿ ಕಡ್ಡಿ, ನೆನೆದ ಬೆಂಕಿಪೊಟ್ಟಣ, ಯಾವಾಗಲೋ ತುಂಡಾದ ಜಪಮಣಿ, ಇಂಥವೇ ಬಿದ್ದಿರುತ್ತವೆ. ಆಯುಧಪೂಜೆಯ ಹಿಂದಿನ ದಿನ ಮಾತ್ರ ಅದಕ್ಕೆ ಯೋಗ ಕೂಡಿಬರುತ್ತದೆ. ಹುಣಸೆಹಣ್ಣಿನಲ್ಲಿ ತಿಕ್ಕಿಸಿಕೊಂಡು, ಫಳಫಳ ಹೊಳೆದು, ನಮ್ಮದೇ ಗಾಣದ ಕೊಬ್ಬರಿ ಎಣ್ಣೆ ತುಂಬಿಕೊಂಡು ಕೂರುತ್ತದೆ. ಆ ಎಣ್ಣೆಯೊಳಗೆ ನನ್ನ ರಿವಾಲ್ವರಿನ ಗುಂಡುಗಳು ಮಾರನೆಯ ದಿನದವರೆಗೂ ಮುಳುಗಿ ನಿಂತಿರುತ್ತವೆ. ಬೆಳಿಗ್ಗೆ ಅವನ್ನು ಎತ್ತಿ, ಒರೆಸಿ, ಒಂದೊಂದಕ್ಕೂ ಪುಟ್ಟದಾಗಿ ವಿಭೂತಿ ಪಟ್ಟೆ ಎಳೆದು, ಕಾಯಿ ಸುಲಿಯುವ ಸಲಾಕೆ, ಮಚ್ಚು, ತಕ್ಕಡಿಗಳ ಸಾಲಿನಲ್ಲಿ ಕೂರಿಸುತ್ತೇವೆ. ಸೀಸಕ್ಕೆ ವಿಭೂತಿ ಚೆನ್ನಾಗಿ ಒಪ್ಪುತ್ತದೆ.

ಇದು ಅವ್ವ ಶುರು ಮಾಡಿದ ಪದ್ಧತಿ. ಹಿತ್ತಾಳೆಗೆ ಕಿಲುಬು ಹಿಡಿಯಬಾರದು ಎನ್ನುವುದು ಅವಳ ವಾದವಾಗಿತ್ತು. ಚೊಂಬು, ಗಿಂಡಿ, ದೀಪದ ಕಂಬ ಎಲ್ಲಕ್ಕೂ ಎಣ್ಣೆ ಕೈ ಆಡಿಸುವವಳಿಗೆ ಗುಂಡಿನ ಹಿತ್ತಾಳೆ ಕವಚ ಬೇರೆ ಎಂದೇಕೆ ಅನ್ನಿಸಬೇಕು? ಮಾಗಿಯ ಚಳಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗಿ, ಅಪ್ಪನ ಹಳೆಯ ರಿವಾಲ್ವರಿನ ಗುಂಡಿನ ಚಕ್ರ ತಿರುಗದೆ ಹೋಗುತ್ತಿತ್ತು. ಆಗ ತಲೆಗೆ ಹಚ್ಚುವ ಎಣ್ಣೆ ಬಾಟಲಿಯನ್ನೂ ರಿವಾಲ್ವರನ್ನೂ ಜೊತೆಯಾಗಿ ಬಿಸಿಲಿಗಿಡುತ್ತಿದ್ದ ಮನೆ ನಮ್ಮದು. ಇದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಬಹಳ ವರ್ಷ ಗೊತ್ತೇ ಆಗಿರಲಿಲ್ಲ.

ಅಪ್ಪನ ವಿಷಯ ಹೇಳದೆ ಮುಂದೆ ಹೋಗಲಾರೆ. ಚನ್ನರಾಯಪಟ್ಟಣದಲ್ಲಿ ಕೊಬ್ಬರಿ ಮಂಡಿ ಇಟ್ಟಿದ್ದವನು. ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗಿನ ಗಿಟುಕು ಲೊಟಲೊಟ ಎಂದರೆ ಮಾತ್ರ ನಂಬುತ್ತಿದ್ದ. ಮನುಷ್ಯರನ್ನು ಹಾಗೆ ಅಲ್ಲಾಡಿಸಿ ನೋಡುವ ಅನುಕೂಲ ಇರಲಿಲ್ಲವಾದ್ದರಿಂದ ಯಾರನ್ನೂ ನಂಬಲಿಲ್ಲ. ಮದುವೆಗೆ ಕರೆಯಲು ಬಂದವರು ಗೇಟು ದಾಟಿ ಹೋಗುವುದಕ್ಕೆ ಕಾದಿದ್ದು, “ಇವ್ನು ಯಾಕ್ಲಾ ನಮ್ಮುನ್ನ ಇಷ್ಟು ಮರ್ವಾದೆಯಿಂದ ಕರೀತಾವ್ನೆ?” ಎನ್ನುತ್ತಿದ್ದ. ನಾನು ಒಮ್ಮೆ ಲೆಕ್ಕದಲ್ಲಿ ಒಳ್ಳೆಯ ನಂಬರು ತೆಗೆದು ಓಡಿ ಬಂದು ತೋರಿಸಿದರೆ, ನನ್ನ ಮುಖವನ್ನೂ ಕಾಗದವನ್ನೂ ಒಂದಾದ ಮೇಲೊಂದು ನೋಡಿ, “ಯಾರ್ದು ನೋಡ್ಕೊಂಡು ಬರ್ದೆ?” ಎಂದ. ಪಕ್ಕದಲ್ಲಿ ಕೂತಿದ್ದವನು ಫೇಲಾಗಿದ್ದನಾದ್ದರಿಂದ ನಾನು ಬಚಾವಾದೆ.

ಮನೆ ಊರಿನಾಚೆ ತೆಂಗಿನ ತೋಟದಲ್ಲಿ. ಮುಂದಿನ ಗೇಟಿಗೆ ಮೂರು ಬೀಗ, ಮೂರರ ಕೀಲಿಯೂ ಮೂರು ಕಡೆ. ಒಂದು ಅಪ್ಪನ ಉಡಿದಾರದಲ್ಲಿ, ಒಂದು ರಾಗಿ ಡಬ್ಬದಲ್ಲಿ, ಇನ್ನೊಂದು ಎಲ್ಲಿ ಎಂದು ಅಪ್ಪನಿಗೂ ಆಗಾಗ ಮರೆಯುತ್ತಿತ್ತು. ಒಮ್ಮೆ ಅವನೇ ಹೊರಗೆ ಸಿಕ್ಕಿಬಿದ್ದು, “ನಾನು ಕಣೇ, ನಾನು” ಎಂದು ಕೂಗಿಕೊಂಡಾಗ ಅವ್ವ ಒಳಗಿನಿಂದ, “ಅಂಗಂತ ಯಾರ್ ಬೇಕಾದ್ರೂ ಯೋಳ್ಬೌದು” ಎಂದಿದ್ದಳು. ಅವನ ಮಾತನ್ನೇ ಅವನಿಗೆ ತಿರುಗಿಸಿ ಕೊಟ್ಟಿದ್ದು ಅದೊಂದೇ ಸಲ.

ಅವನು ಮೈಸೂರಿನ ಬಂದೂಕಿನ ಅಂಗಡಿಯವನ ಜೊತೆ ಜಗಳ ಆಡಿಕೊಂಡು ಬಂದದ್ದೂ ನೆನಪಿದೆ. ನಾನಾಗ ಕಾಲೇಜಿನಲ್ಲಿದ್ದೆ. ಗುಂಡುಗಳು ಕೆಟ್ಟಿದ್ದವಂತೆ. ಕೆಟ್ಟಿವೆ ಎಂದು ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ, ಅಪ್ಪನೂ ಹೇಳಲಿಲ್ಲ. ಜಗುಲಿಯ ಮೇಲೆ ಕೂತು ಅವ್ವನ ಮುಂದೆ ಹಾರಾಡುತ್ತಿದ್ದ. “ಎಣ್ಣೆ ಗಿಣ್ಣೆ ಬಿದ್ದಿತ್ತಾ ಅಂತ ಕೇಳ್ತಾನೆ ಕಳ್ನನ್ಮಗ! ಹಿಂದ್ಗಡೆ ಮದ್ದಿಗೆ ಎಣ್ಣೆ ಇಳಿದ್ರೆ ಗುಂಡು ಸತ್ತೋಯ್ತದಂತೆ. ತನ್ನ ಮಾಲು ಕೊಳ್ತೋಗಿದ್ರೆ ನಮ್ಮ ತಲೆಗೆ ಕಟ್ತಾನೆ!” ಅವ್ವ ಅಕ್ಕಿ ಆರಿಸುತ್ತಿದ್ದವಳು ತಲೆ ಎತ್ತದೆ, “ಊಂ” ಎಂದಳು. ಅಂಗಡಿಯವನು ಗಲಾಟೆಗೆ ಹೆದರಿ ಬೇರೆ ಗುಂಡು ಕೊಟ್ಟು ಕಳಿಸಿದ್ದ.

ಅಪ್ಪನ ಬಗ್ಗೆ ನಾನು ಎಲ್ಲ ಕಡೆ ಹೇಳಿ ನಗಿಸುವ ಒಂದು ಕಥೆ ಇದೆ, ನಿಮಗೂ ಹೇಳಿಬಿಡುತ್ತೇನೆ. ಅದೇ ಕಾಲೇಜಿನ ದಿನಗಳು. ಹಾಸನದಲ್ಲಿ ಮ್ಯಾಟ್ನಿ ನೋಡಿಕೊಂಡು, ಊರಿಗೆ ಬರುವಾಗ ಮುಸ್ಸಂಜೆಯಾಗಿತ್ತು. ಕರೆಂಟು ಹೋಗಿತ್ತು. ಮುಂದಿನ ಗೇಟಿನಲ್ಲಿ ನಿಂತು ಕೂಗಿದರೆ ಸಿನಿಮಾ ವಿಷಯ ಹೊರಬೀಳುತ್ತದೆಂದು ಹಿತ್ತಿಲ ಮೋಟುಗೋಡೆ ಹತ್ತಿ ಧುಮುಕಿದೆ. ಬಚ್ಚಲ ಮನೆಯ ಬಾಗಿಲಲ್ಲಿ ಅಪ್ಪ ಕೈ ಮುಂದೆ ಚಾಚಿ ನಿಂತಿದ್ದ. ಟಕ್ ಎಂದಿತು. ಮತ್ತೆ ಟಕ್. ಟಾರ್ಚಿನ ಗುಂಡಿ ಒತ್ತುತ್ತಿದ್ದಾನೆ, ಬೆಳಕು ಮಾತ್ರ ಇಲ್ಲ. ಗೇಟಿಗೆ ಮೂರು ಬೀಗ ಹಾಕಿಸುವ ಮನುಷ್ಯ ಟಾರ್ಚಿಗೆ ಸೆಲ್ ಹಾಕಿಸಿಲ್ಲವಲ್ಲ ಎಂದು ನನಗೆ ತಡೆಯಲಾರದ ನಗು. “ನಾನು ಕಣಪ್ಪಾ, ಸೆಲ್ ಆಕ್ಸು ಮೊದ್ಲು” ಎಂದೆ. ಅಪ್ಪ ಬಯ್ಯಲಿಲ್ಲ, ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತ. ಮಾರನೆಯ ದಿನ ನಾನೇ ಪೇಟೆಯಿಂದ ಎರಡು ಸೆಲ್ ತಂದುಕೊಟ್ಟೆ. ಅವನ್ನು ಅಂಗೈಯಲ್ಲಿ ಹಿಡಿದುಕೊಂಡು ತುಂಬ ಹೊತ್ತು ನನ್ನನ್ನೇ ನೋಡಿದ.

ಈ ಕಥೆಗೆ ಎಲ್ಲರೂ ನಗುತ್ತಾರೆ. ಅವ್ವ ಮಾತ್ರ ನಾನು “ಟಕ್” ಎನ್ನುವ ಜಾಗಕ್ಕೆ ಬಂದಾಗಲೆಲ್ಲ ಏನೋ ಕೆಲಸ ನೆನಪಾದವಳಂತೆ ಎದ್ದು ಹೋಗುತ್ತಿದ್ದಳು. ಕೇಳಿ ಕೇಳಿ ಬೇಜಾರಾಗಿರಬೇಕು ಎಂದುಕೊಂಡಿದ್ದೆ.

ಅಪ್ಪ ಹೋದ ಮೇಲೆ ಲೈಸೆನ್ಸು ನನ್ನ ಹೆಸರಿಗೆ ಬಂತು. ಆ ಉದ್ದ ನಳಿಗೆಯ ಕಬ್ಬಿಣದ ತುಂಡನ್ನು ಅಂಗಡಿಗೆ ಒಪ್ಪಿಸಿ, ಬದಲಿಗೆ ಹಗುರದ್ದೊಂದು ತಂದೆ. ಅಂಗೈಗಿಂತ ಸ್ವಲ್ಪ ದೊಡ್ಡದು. ಮೂತಿ ಕತ್ತರಿಸಿ ಹಾಕಿದಂತಿದೆ. ಜುಬ್ಬದ ಜೇಬಿನಲ್ಲಿಟ್ಟರೆ ಅಡಿಕೆ ಚೀಲ ಇಟ್ಟಷ್ಟೂ ಗೊತ್ತಾಗುವುದಿಲ್ಲ. ನನ್ನ ಹೆಂಡತಿ ರತ್ನ ಅದಕ್ಕೆ ‘ಮೋಟು’ ಎಂದು ಹೆಸರಿಟ್ಟಿದ್ದಾಳೆ. “ನಿಮ್ ಮೋಟು ತಲೆದಿಂಬಿನ ಕೆಳ್ಗೈತೆ, ನೋಡ್ಕೊಂಡ್ ಮಲಿಕ್ಕಳಿ” ಎನ್ನುತ್ತಾಳೆ. ರತ್ನ ಅರಕಲಗೂಡಿನ ಕಡೆಯವಳು. ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಗೂಡಿನ ಬೆಂಕಿ ಹೆಚ್ಚಾಗದಂತೆ, ಆರಿಯೂ ಹೋಗದಂತೆ ಕಾಯುವ ಮನೆಯಲ್ಲಿ ಬೆಳೆದವಳು. ನನ್ನನ್ನೂ ಅವಳು ಹಾಗೇ ಕಾಯುತ್ತಿದ್ದಾಳೆ ಎನ್ನುವುದು ಹೊಳೆನರಸೀಪುರದಲ್ಲಿರುವ ನನ್ನ ಅಕ್ಕನ ಅಭಿಪ್ರಾಯ. ಅಕ್ಕ ಫೋನು ಮಾಡಿದಾಗಲೆಲ್ಲ, “ನಿಂಗೆ ಅಪ್ಪನ ಕಣ್ಣೇ ಬಂದೈತೆ ಕಣೋ” ಎನ್ನುತ್ತಾಳೆ. ಯಾಕೆ ಹೀಗೆ ಹೇಳುತ್ತಾಳೆ, ತೋಟದಲ್ಲಿ ಪಾಲು ಕೇಳುವ ಪೀಠಿಕೆಯೋ ಎಂದು ನನಗೆ ಒಳಗೊಳಗೇ ಅನುಮಾನ.

ಈಗ ಈ ಸಲದ ಮಳೆಗಾಲಕ್ಕೆ ಬರುತ್ತೇನೆ. ಸುತ್ತಮುತ್ತ ಒಂಟಿ ತೋಟದ ಮನೆಗಳಿಗೆ ನುಗ್ಗಿದರು, ಕಟ್ಟಿಹಾಕಿದರು ಎಂಬ ಸುದ್ದಿ ಮೊಬೈಲಿನಲ್ಲಿ ದಿನಾ ಬರುತ್ತಿತ್ತು. ಅದೇ ಹೊತ್ತಿಗೆ ನಮ್ಮ ಹಿತ್ತಿಲಲ್ಲಿ ಗುರುತುಗಳು ಕಾಣಿಸಿಕೊಂಡವು. ಹಳೆಯ ಮೋಟುಗೋಡೆ ಬಿದ್ದುಹೋಗಿ ಅಲ್ಲೀಗ ತಂತಿಬೇಲಿ. ಅದರ ನಡುವಿನ ಎಳೆಯನ್ನು ಯಾರೋ ಕೆಳಕ್ಕೆ ಬಗ್ಗಿಸಿದ್ದರು. ಬೇಲಿಯ ಒಳಗೆ, ಹಸಿ ಮಣ್ಣಿನಲ್ಲಿ ಚಪ್ಪಲಿಯ ಗುರುತು. ಪಾದ ಚಿಕ್ಕದು, ಹೆಜ್ಜೆ ಹತ್ತಿರ ಹತ್ತಿರ. ಬಾಳೆಯ ಬುಡದಲ್ಲಿ ಬಿಸ್ಕತ್ತಿನ ಕಾಗದ. ನಮ್ಮ ಕಾಳ ಎಂಬ ನಾಯಿ ಬೇರೆ, ಬರಬರುತ್ತ ದಪ್ಪಗಾಗಿತ್ತು. ನನಗೆ ಎಲ್ಲ ಸ್ಪಷ್ಟವಾಯಿತು. ಒಬ್ಬ ಸಣ್ಣ ಆಳು, ಸಂಜೆ ಕತ್ತಲಾಗುವ ಹೊತ್ತಿಗೆ ಹಿಂದಿನ ಕೆರೆ ಏರಿ ರಸ್ತೆಯಿಂದ ಬಂದು, ನಾಯಿಗೆ ಬಿಸ್ಕತ್ತು ತಿನ್ನಿಸಿ ಒಲಿಸಿಕೊಂಡು, ಮನೆ ನೋಡಿಕೊಂಡು ಹೋಗುತ್ತಿದ್ದಾನೆ.

“ನಾಯಿ ಓಡಾಡಿರ್ಬೇಕು ಬಿಡಿ” ಎಂದಳು ರತ್ನ.

“ನಾಯಿ ಚಪ್ಲಿ ಹಾಕ್ಕೊಂತದಾ?”

“ಕಾಯಿ ಕೀಳೋ ಬೋರೇಗೌಡ ಬಂದಿರ್ತಾನೆ.”

ಬೋರೇಗೌಡನ ಪಾದ ಮೊರದಗಲ. ಆದರೂ ಅವನು ಮುಂದಿನ ಸಲ ಬಂದಾಗ ಮಣ್ಣಿನ ಮೇಲೆ ನಡೆಸಿ ನೋಡಿದೆ. ಹಾಲು ಹಾಕುವವನನ್ನೂ ನಡೆಸಿದೆ. ಕ್ಯಾಮೆರಾ ಮಾರಲು ಬಂದ ಹುಡುಗನೊಬ್ಬ ತಾನಾಗಿಯೇ ಹಿತ್ತಿಲಿಗೆ ಹೋಗಿ ನೋಡುತ್ತೇನೆಂದಾಗ ಗೇಟಿನಿಂದಲೇ ಕಳಿಸಿಬಿಟ್ಟೆ. ಮಗಳು ಸೌಮ್ಯ ಹಾಸನದ ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಾಳೆ. ಅವಳು ಮನೆ ಸೇರುವುದೂ ಅದೇ ಹೊತ್ತಿಗೆ. ಅವಳಿಗೇನಾದರೂ ಆದರೆ ಎಂದು ನೆನೆದು ನನಗೆ ಊಟ ಸೇರದಂತಾಯಿತು. ಕಳ್ಳ ಏನು ಬೇಕಾದರೂ ಒಯ್ಯಲಿ, ಮಗಳ ದಾರಿಗೆ ಮಾತ್ರ ಅಡ್ಡ ಬರಬಾರದು. ದಿನಾ ಸಂಜೆ ಮೋಟನ್ನು ಜೇಬಿಗೆ ಹಾಕಿಕೊಂಡು ಮುಂದಿನ ಜಗುಲಿಯಲ್ಲಿ ಕಾವಲು ಕೂರತೊಡಗಿದೆ. ನಾನು ಗೇಟು ನೋಡುತ್ತಿದ್ದಂತೆಯೇ ಅವಳು ಒಳಗಿನಿಂದ ಕಾಫಿ ಹಿಡಿದು ಬರುತ್ತಿದ್ದಳು. “ಯಾವಾಗ ಬಂದ್ಯವ್ವ?” ಎಂದರೆ, “ಆಗ್ಲೇ ಬಂದ್ನಲ್ಲಪ್ಪ, ನೀವು ಫೋನ್ ನೋಡ್ತಿದ್ರಿ” ಎನ್ನುತ್ತಿದ್ದಳು. ಇರಬಹುದು ಎಂದುಕೊಳ್ಳುತ್ತಿದ್ದೆ. ಲೋಕವನ್ನೆಲ್ಲ ಅನುಮಾನಿಸುವವನಿಗೆ ಕಣ್ಣೆದುರಿನದು ಹೀಗೆ ತಪ್ಪಿಹೋಗುತ್ತದೆ.

ಆಗಲೇ ಹಾಸನದಲ್ಲಿ ಲೈಸೆನ್ಸುದಾರರಿಗೆ ಗುಂಡು ಹಾರಿಸುವ ತರಬೇತಿ ಇದೆ ಎಂದು ಗೊತ್ತಾಗಿ ಹೋದೆ. ಮೋಟನ್ನು ಎರಡೂ ಕೈಯಲ್ಲಿ ಹಿಡಿದು, ಎದುರಿನ ಹಲಗೆಯನ್ನು ಬಿಸ್ಕತ್ತಿನವನೆಂದೇ ತಿಳಿದು ಟ್ರಿಗರ್ ಎಳೆದೆ. ಟಕ್. ಮತ್ತೆ ಎಳೆದೆ, ಟಕ್. ಚಕ್ರ ಪೂರ್ತಿ ಒಂದು ಸುತ್ತು ಬಂದರೂ ಒಂದೇ ಒಂದು ಗುಂಡು ಹಾರಲಿಲ್ಲ. ಕಲಿಸುತ್ತಿದ್ದ ಮೀಸೆಯವರು, “ಏನ್ ಯಜಮಾನ್ರೇ, ಕಳ್ಳ ಬಂದ್ರೆ ಚಿಟಿಕೆ ಹೊಡ್ದು ಓಡಿಸ್ತೀರಾ?” ಎಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಟಕ್ ಶಬ್ದ ಎಲ್ಲೋ ಕೇಳಿದ್ದೇನಲ್ಲ ಎಂದು ಒಂದು ಗಳಿಗೆ ಅನ್ನಿಸಿತು, ನಾಚಿಕೆಯಲ್ಲಿ ಅದು ಅಲ್ಲಿಗೇ ಮರೆತುಹೋಯಿತು.

ಅಲ್ಲಿಂದ ನೇರ ಹಾಸನದ್ದೇ ಒಂದು ಬಂದೂಕಿನ ಅಂಗಡಿಗೆ ಹೋದೆ. ಅಂಗಡಿಯಾತ ಮಾತುಗಾರ. ಮಾತು ಹೆಚ್ಚು ಆಡುವವರ ಮೇಲೆ ನನಗೆ ಮೊದಲೇ ಒಂದು ಕಣ್ಣು. ಹಳೆಯ ಗುಂಡನ್ನು ತಿರುಗಿಸಿ ನೋಡಿ, ಮೂಗಿಗೆ ಹಿಡಿದ.

“ಇದೇನ್ ಸಾ, ಒಬ್ಬಟ್ಟಿನ ವಾಸ್ನೆ ಬತ್ತೈತೆ?”

“ಕೊಬ್ರಿ ಎಣ್ಣೆ. ಆಯುಧಪೂಜೆಗೆ ಹಚ್ತೀವಿ.”

“ಹಚ್ತೀರೋ, ಮುಳುಗಿಸ್ತೀರೋ? ಇಲ್ನೋಡಿ ಸಾ, ಹಿಂದ್ಗಡೆ ಈ ಬಟ್ಟು ಐತಲ್ಲ, ಪಿನ್ನು ಬಡಿಯೋ ಜಾಗ. ಇದ್ರೊಳಗೆ ಎಣ್ಣೆ ಇಳಿದ್ರೆ ಮುಗೀತು, ಮದ್ದು ಸತ್ತೋಯ್ತದೆ. ಹಬ್ಬುಕ್ಕೆ ರಿವಾಲ್ವರ್‌ಗೆ ಹೂವ ಮಡಗಿ, ಬ್ಯಾಡ ಅನ್ನಲ್ಲ. ಗುಂಡಿಗೆ ಮಾತ್ರ ಅಭಿಷೇಕ ಮಾಡ್ಬ್ಯಾಡಿ.”

ಅಪ್ಪ ಮೈಸೂರಿನಿಂದ ಹೊತ್ತು ತಂದ ಮಾತು ನೆನಪಾಯಿತು. ಅಲ್ಲಿಗೆ ಇದು ಈ ಕಸುಬಿನವರೆಲ್ಲ ಸೇರಿ ಕಟ್ಟಿಕೊಂಡ ಕಥೆ ಎಂದು ತೀರ್ಮಾನಿಸಿದೆ. ಹಳೇ ಮಾಲು ಮಾರುವುದು, ಆಮೇಲೆ ಎಣ್ಣೆಯ ಮೇಲೆ ಹಾಕುವುದು. ಆದರೂ ಹೊಸ ಗುಂಡು ಬೇಕೇ ಬೇಕಿತ್ತು.

ಆತ ಗಾಜಿನ ಮೇಲೆ ಎರಡು ಬಗೆ ಜೋಡಿಸಿದ. ಒಂದು ಬರೀ ಸೀಸದ್ದು, ಮೂತಿ ಗುಂಡಗೆ, ಬಣ್ಣ ಮಳೆ ಮೋಡದ್ದು. ಇನ್ನೊಂದಕ್ಕೆ ತಾಮ್ರದ ಹೊದಿಕೆ, ನೋಡಲು ಲಕ್ಷಣ. ಮೂತಿಯಲ್ಲಿ ಗುಳಿ ಇರುವ ಮೂರನೆಯದೊಂದು ಇದೆಯಂತೆ, ಮೈಗೆ ತಗುಲಿದೊಡನೆ ಅರಳಿಕೊಂಡು ಅಲ್ಲೇ ನಿಲ್ಲುತ್ತದಂತೆ. ಅದು ತನ್ನ ಹತ್ತಿರ ಇಲ್ಲ ಎಂದ. ಇಲ್ಲದ್ದರ ಬಗ್ಗೆ ಇಷ್ಟೇಕೆ ಹೇಳುತ್ತಾನೆ ಎಂದು ಅವನ ಕಪಾಟನ್ನೇ ದಿಟ್ಟಿಸಿದೆ.

“ಸುಮ್ನೆ ತಲೆ ಕೆಡಿಸ್ಕೊಬ್ಯಾಡಿ ಸಾ. ನಿಮ್ದು ಮೋಟು ನಳಿಗೆ. ಗುಂಡು ವೇಗ ಹಿಡಿಯಾಕೆ ಜಾಗವೇ ಇಲ್ಲ. ಗುಳಿ ಇರೋದು ಇದ್ರಲ್ಲಿ ಅರಳ್ತದೆ ಅಂತ ಗ್ಯಾರಂಟಿ ಇಲ್ಲ. ಜೋರಿನ ಗುಂಡು ಆಕಿದ್ರೆ ಇಷ್ಟು ಹಗುರದ್ದು ಕೈಯಾಗೆ ನಿಲ್ಲಾಕಿಲ್ಲ, ಎಗರ್ತದೆ. ಮೊದ್ಲುನೇದು ಕಳ್ಳಂಗೆ, ಎಲ್ಡುನೇದು ಸೂರಿಗೆ ಅಂತಾಯ್ತದೆ.” ಆಮೇಲೆ ಸ್ವಲ್ಪ ಬಗ್ಗಿ, “ನಿಮ್ಮನೆ ಗೋಡೆ ಎಂಥದ್ದು ಸಾ? ಇಟ್ಗೆದಾ, ಶೀಟಾ?” ಎಂದ.

ನಾನು ಸೆಟೆದು ನಿಂತೆ. “ಅದ್ಯಾಕ್ ಬೇಕು ನಿಮ್ಗೆ?”

“ತಾಮ್ರದ್ದಾದ್ರೆ ತೂರ್ಕೊಂಡು ಆಚೀಗೋಯ್ತದೆ ಸಾ. ಆಚೆ ಕಡೆ ಯಾರ್ ಮಲ್ಗಿರ್ತಾರೆ, ಯಾರ್ ಓಡಾಡ್ತಾರೆ, ನೋಡ್ಕೋಬೇಕಲ್ಲ?”

ಗೋಡೆ ಯಾವುದು, ಯಾರು ಎಲ್ಲಿ ಮಲಗುತ್ತಾರೆ, ಯಾವ ಹೊತ್ತಿಗೆ ಓಡಾಡುತ್ತಾರೆ! ಬಿಸ್ಕತ್ತಿನವನಿಗೆ ಸುದ್ದಿ ಮುಟ್ಟಿಸುವವನು ಇವನೇ ಇದ್ದರೂ ಇರಬಹುದು. “ಗೋಡೆ ಕಲ್ಲಿಂದು” ಎಂದು ಸುಳ್ಳು ಹೇಳಿದೆ.

“ಆಯ್ತು ಬಿಡಿ. ಬರೋನು ಹೆಂಗವ್ನೆ, ಏನಾರ ಅಂದಾಜೈತಾ? ದಪ್ಪ ಆಳಾ?”

“ಇಲ್ಲ, ಸಣ್ಣ ಆಳು. ಹೆಜ್ಜೆ ಗುರುತು ನೋಡೀನಿ, ಇಷ್ಟೇ” ಎಂದು ಗಾಜಿನ ಮೇಲೆ ಗೇಣು ಹಾಕಿ ತೋರಿಸಿದೆ. “ತೂಕನೂ ಇಲ್ಲ, ಮಣ್ಣಲ್ಲಿ ಆಳಕ್ಕೆ ಇಳಿದಿಲ್ಲ.”

ಆತ ನನ್ನ ಗೇಣನ್ನು ನೋಡಿ, “ಅಂಗಾದ್ರೆ ಸೀಸದ್ದೇ ಸಾಕು ಸಾ. ಸಣ್ಣ ಆಳಿಗೆ ಇದೇ ಹೆಚ್ಚಾಯ್ತು. ಕೈಗೂ ನೋವಿಲ್ಲ, ಗುರಿ ಇಟ್ಟ ಕಡೆ ಬೀಳ್ತದೆ” ಎಂದ. ಆ ಮಾತು ಮಾತ್ರ ನನಗೆ ಪ್ರಾಮಾಣಿಕ ಅನ್ನಿಸಿತು. ದುಬಾರಿಯದನ್ನು ಬಿಟ್ಟು ಅಗ್ಗದ್ದನ್ನು ಹೇಳುತ್ತಿದ್ದಾನಲ್ಲ. ಸೀಸದ್ದನ್ನೇ ಕಟ್ಟಿಸಿದೆ.

ಗುಂಡಿನ ಪೊಟ್ಟಣವನ್ನು ಹಾಗೇ ಹಿಡಿದು ಬಸ್ಸು ಹತ್ತುವಂಥ ದಡ್ಡ ನಾನಲ್ಲ. ಎರಡು ಕಟ್ಟು ಮೆಂತ್ಯದ ಸೊಪ್ಪು ಕೊಂಡು, ಕೈಚೀಲದಲ್ಲಿ ಅದರ ಅಡಿಗೆ ಹುದುಗಿಸಿದೆ. ಪಕ್ಕದಲ್ಲಿ ಕೂತ ಹೆಂಗಸು ದಾರಿಯುದ್ದಕ್ಕೂ ನನ್ನ ಚೀಲವನ್ನೇ ನೋಡುತ್ತಿದ್ದಳು. ಕೊನೆಗೆ, “ಸೊಪ್ಪು ಬಾಡ್ತೈತೆ ಕಣಣ್ಣ, ಅಂಗೆ ಅಮುಕ್ಕಂಡು ಕೂತೀದೀಯಲ್ಲ” ಎಂದಳು. ನಾನು ಇನ್ನೂ ಬಲವಾಗಿ ಅಮುಕಿಕೊಂಡೆ. ಹೆದ್ದಾರಿಯಲ್ಲಿ ಬಸ್ಸು ಓಡುತ್ತಿದ್ದರೆ ನನ್ನ ಕಣ್ಣ ಮುಂದೆ ಒಂದೇ ಚಿತ್ರ. ಕತ್ತಲು, ಬೇಲಿ, ಬಗ್ಗಿ ನುಸುಳುತ್ತಿರುವ ಸಣ್ಣ ಆಳು. ಯಾರು ಎಂದು ಕೇಳಬಾರದು, ಕೇಳಿದರೆ ಅವನಿಗೆ ಓಡಲು ಹೊತ್ತು ಸಿಗುತ್ತದೆ. ಅಪ್ಪ ಹೇಳುತ್ತಿದ್ದುದೂ ಅದನ್ನೇ.

ಮನೆ ಸೇರಿದಾಗ ಸಂಜೆಯ ಬಿಸಿಲು ಇನ್ನೂ ತೆಂಗಿನ ತುದಿಯಲ್ಲಿತ್ತು. ಅಡುಗೆ ಮನೆಯಲ್ಲಿ ಸೊಪ್ಪು ತೆಗೆದಿಟ್ಟು, ಪೊಟ್ಟಣ ಬಿಚ್ಚಿ ತೋರಿಸಿ, ಅಂಗಡಿಯವನ ಎಣ್ಣೆಯ ಕಥೆಯನ್ನೂ ರತ್ನನಿಗೆ ಹೇಳಿದೆ. “ಅಪ್ಪಂಗೂ ಇದೇ ಟೋಪಿ ಹಾಕಿದ್ರು, ನಂಗೂ ಅದೇ” ಎಂದೆ.

ರತ್ನ ದೇವರ ಮನೆಗೆ ಹೋಗಿ ಆ ಹಿತ್ತಾಳೆ ಬಟ್ಟಲು ತಂದಳು. ಊದುಬತ್ತಿ ಕಡ್ಡಿ ತೆಗೆದು ಪಕ್ಕಕ್ಕಿಟ್ಟು, ಸೆರಗಿನಲ್ಲಿ ಒರೆಸಿ, ಎಣ್ಣೆ ಸುರಿದಳು.

“ಕೊಡಿ ಅದ್ನ.”

“ಆಯುಧಪೂಜೆ ಇನ್ನೂ ಎಲ್ಲೈತೆ?”

“ಹಬ್ಬುದವರ್ಗೂ ಕಾಯಾಕಾಗಾಕಿಲ್ಲ. ಅಂಗ್ಡಿಯವ್ನು ನಿಜವೇ ಯೋಳವ್ನೆ.”

“ನಿಂಗೆಂಗೆ ಗೊತ್ತು?”

“ಅತ್ತೆ ಯೋಳ್ಕೊಟ್ಟಿದ್ರು.”

ನಾನು ಮಣೆಯ ಮೇಲೆ ಕೂತೆ. ಅವಳು ಒಲೆ ಆರಿಸಿದಳು. ಒಲೆ ಆರಿಸಿ ಮಾತಾಡುವುದೆಂದರೆ ನಮ್ಮ ಮನೆಯಲ್ಲಿ ಸಣ್ಣ ವಿಷಯವಲ್ಲ.

“ನೀವು ಹಿತ್ಲು ಗೋಡೆ ಹಾರಿ ಬಂದಿದ್ದು, ಮಾವ ಸೆಲ್ಲಿಲ್ದ ಟಾರ್ಚು ಒತ್ತಿದ್ದು ಅಂತ ಎಲ್ರಿಗೂ ಯೋಳ್ಕೊಂಡು ನಗ್ತೀರಲ್ಲ. ಅವತ್ತು ಟಾರ್ಚು ಅತ್ತೆ ಕೈಲಿತ್ತಂತೆ. ಸೆಲ್ಲೂ ಇತ್ತಂತೆ. ಅಟ್ಟದಾಗೆ ಏನೋ ಹುಡುಕ್ತಿದ್ರಂತೆ. ಮಾವ್ನ ಕೈಲಿದ್ದಿದ್ದು ಟಾರ್ಚಲ್ಲ ಕಣ್ರೀ.”

ಅವಳು ಮುಂದೆ ಹೇಳಿದ್ದನ್ನು ನಾನು ಕೇಳುತ್ತಿದ್ದೆ, ಆದರೆ ಕಿವಿಯಲ್ಲಿ ಆ ಟಕ್ ಶಬ್ದವೇ ಇತ್ತು. ಮೊದಲ ವರ್ಷ ಅವ್ವ ಏನೂ ಅರಿಯದೆ, ಕಿಲುಬು ಹಿಡಿಯದಿರಲಿ ಎಂದೇ ಎಣ್ಣೆಯಲ್ಲಿಟ್ಟಿದ್ದಳಂತೆ. ಆ ಸಂಜೆ ಎರಡು ಸಲ ಎಳೆದರೂ ಗುಂಡು ಹಾರಲಿಲ್ಲ. ಅಪ್ಪ ಮೈಸೂರಿಗೆ ಹೋಗಿ ಬಂದು, ಅಂಗಡಿಯವನು ಎಣ್ಣೆ ಬಿತ್ತಾ ಎಂದು ಕೇಳಿದ ಎಂದು ಹಾರಾಡಿದಾಗ, ಅಪ್ಪ ನಂಬದ ಮಾತನ್ನು ಅಕ್ಕಿ ಆರಿಸುತ್ತಿದ್ದ ಅವ್ವ ನಂಬಿದಳು. ಅಲ್ಲಿಂದ ಮುಂದೆ ಪ್ರತಿ ವರ್ಷ ಬೇಕೆಂದೇ ಮುಳುಗಿಸಿದಳು.

“ಮಾವಂಗೂ ಆಮೇಕೆ ಗೊತ್ತಾಗಿತ್ತೇನೋ ಅಂತಿದ್ರು ಅತ್ತೆ. ಕೇಳ್ದೆ ಇದ್ರೂ ಮಾವನೇ ಗುಂಡು ತಂದು ಬಟ್ಲು ಪಕ್ಕ ಮಡಗಿ, ಸುಮ್ನೆ ಆಚೀಗೋಗ್ಬುಡ್ತಿದ್ರಂತೆ. ಅತ್ತೆ ಓಗೋ ಮುಂಚೆ ನನ್ ಕರ್ದು ಕೂರಿಸ್ಕೊಂಡು ಯೋಳಿದ್ದು ಇದೊಂದೇ. ಒಡ್ವೆ ಎಲ್ಲೈತೆ ಅಂತ್ಲೂ ಯೋಳ್ಲಿಲ್ಲ. ‘ನನ್ ಮಗ್ನೂ ಅವರಪ್ಪನಂಗೇ ಕಣವ್ವ, ಬಟ್ಲು ಕೈ ಬಿಡಬ್ಯಾಡ’ ಅಂದ್ರು.”

“ಅಂದ್ರೆ ಇಷ್ಟು ವರ್ಷ ನೀನೂ?”

“ಊಂ. ಪೂಜೆ ಅಂತ ಮಾಡ್ಲಿಲ್ಲ ನಾನು.”

“ನನ್ ಮೇಲೆ ಅಷ್ಟು ಅನುಮಾನವಾ ರತ್ನ?”

ಅವಳು ನನ್ನ ಮುಖ ನೋಡಿದಳು. “ಇಲ್ಲ ಅಂದ್ರೆ ಸುಳ್ಳಾಯ್ತದೆ.” ಆಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ, “ಬೇಲಿ ತಂತಿ ಬಗ್ಸಿರೋದು ಸೌಮ್ಯ ಕಣ್ರೀ. ಈ ಮಳೆಗಾಲದಿಂದ ಬಸ್ಸು ಏರಿ ರಸ್ತೆ ಮ್ಯಾಲೇ ಬತ್ತದೆ. ಮುಂದ್ಲು ಗೇಟಿಗೆ ಸುತ್ಕೊಂಡ್ ಬಂದು, ನಿಮ್ಮ ಮೂರು ಬೀಗ ತೆಗ್ಸೋದ್ರೊಳಗೆ ಕತ್ಲಾಯ್ತದೆ ಅಂತ ಇಂಗೇ ನುಸುಳ್ಕೊಂಡ್ ಬತ್ತಾಳೆ. ನಿಮ್ಗೆ ಯೋಳಿದ್ರೆ ಆ ದಾರಿಗೂ ಬೀಗ ಜಡೀತೀರಿ ಅಂತ ನಾನೇ ಸುಮ್ಕಿರು ಅಂದಿದ್ದೆ. ಗುಂಡು ಹೆಂಗೂ ಸತ್ತಾವೆ ಅಂತ ಧೈರ್ಯವಾಗಿದ್ದೆ. ಇವತ್ತು ನೀವು ಬದ್ಕಿರೋದ್ನ ತಂದ್ಬುಟ್ರಿ.”

ಅಂಗಡಿಯ ಗಾಜಿನ ಮೇಲೆ ನಾನು ಹಾಕಿದ ಗೇಣು ನೆನಪಾಯಿತು. ಸಣ್ಣ ಆಳು, ತೂಕವಿಲ್ಲ, ಮಣ್ಣಿನಲ್ಲಿ ಆಳಕ್ಕೆ ಇಳಿಯದ ಹೆಜ್ಜೆ. ಈ ಮಗಳಿಗೆ ಮೊದಲ ಚಪ್ಪಲಿ ಕೊಡಿಸುವಾಗಲೂ ನಾನು ಹೀಗೇ ಅಂಗಡಿಯಲ್ಲಿ ಗೇಣು ಹಾಕಿ ತೋರಿಸಿದ್ದೆ. ಅಪ್ಪ ಯಾಕೆ ಮೆಟ್ಟಿಲ ಮೇಲೆ ಕುಸಿದು ಕೂತ, ನಾನು ತಂದ ಸೆಲ್ಲುಗಳನ್ನು ಹಿಡಿದು ನನ್ನನ್ನೇಕೆ ಅಷ್ಟು ಹೊತ್ತು ನೋಡಿದ ಎನ್ನುವುದು ಅಡುಗೆ ಮನೆಯ ಮಣೆಯ ಮೇಲೆ ಈಗ ಅರ್ಥವಾಯಿತು. ಊರಿಗೆಲ್ಲ ನಗುತ್ತ ಹಂಚಿದ ಕಥೆಯಲ್ಲಿ ನಾನು ಸಾಯಬೇಕಾಗಿತ್ತು. ಅವ್ವ ಅದಕ್ಕೇ ಎದ್ದು ಹೋಗುತ್ತಿದ್ದಳು.

ರತ್ನ ಕೈ ಚಾಚಿದಳು. ಪೊಟ್ಟಣ ಅವಳಿಗೆ ಕೊಡಲಿಲ್ಲ. ನಾನೇ ಒಂದೊಂದಾಗಿ ತೆಗೆದು ಎಣ್ಣೆಯಲ್ಲಿ ನಿಲ್ಲಿಸಿದೆ. ಸೀಸದ ಗುಂಡನೆಯ ಮೂತಿ ಮುಳುಗುವಾಗ ಒಂದೊಂದು ಸಣ್ಣ ಗುಳ್ಳೆ ಎದ್ದು ಒಡೆಯಿತು. ರತ್ನ ಮೆಂತ್ಯದ ಸೊಪ್ಪು ಬಿಡಿಸುತ್ತ ಕೂತಳು.

ಹೊರಗೆ ಬೆಳಕು ಹೋಗಿತ್ತು. ಏರಿ ರಸ್ತೆಯಲ್ಲಿ ಬಸ್ಸು ನಿಂತು ಹೊರಟ ಸದ್ದು ಬಂತು. ಸ್ವಲ್ಪ ಹೊತ್ತಿಗೆ ಹಿತ್ತಿಲ ಕಡೆ ಕಾಳ ಕುಂಯ್‌ಗುಟ್ಟಿತು, ತಂತಿ ಜುಂಯ್ ಎಂದಿತು. ಎಣ್ಣೆ ಕೈಯಲ್ಲೇ ಎದ್ದು ಹೋದೆ. ಮೋಟು ಜೇಬಿನಲ್ಲಿ ಬರಿದಾಗಿತ್ತು, ಅದನ್ನೂ ತೆಗೆದು ಅಡುಗೆ ಮನೆಯ ಕಿಟಕಿಯಲ್ಲಿಟ್ಟೆ. ಬಾಳೆಯ ಆಚೆ, ಬೇಲಿಯಲ್ಲಿ ಒಂದು ಸಣ್ಣ ಆಕಾರ ಬಗ್ಗಿತ್ತು. ಗೊತ್ತಿದ್ದೂ ಎದೆ ಬಡಿದುಕೊಂಡಿತು. ಗೊತ್ತಿಲ್ಲದ ಅಪ್ಪನಿಗೆ ಹೇಗಾಗಿರಬೇಕು.

ನಮ್ಮ ಮನೆಯ ಗಂಡಸರು ಕತ್ತಲಲ್ಲಿ ಎಂದೂ ಕೇಳದ ಒಂದು ಮಾತನ್ನು ಕೇಳಿದೆ.

“ಯಾರದು?”

ಆಕಾರ ಬೆಚ್ಚಿ ನಿಂತಿತು. ಬಿಸ್ಕತ್ತಿನ ಕಾಗದ ಪರಪರ ಎಂದಿತು.

“ನಾನು ಕಣಪ್ಪ” ಎಂದಳು ಸೌಮ್ಯ, ಸಿಕ್ಕಿಬಿದ್ದ ದನಿಯಲ್ಲಿ.

“ಬಾರವ್ವ” ಎಂದೆ. “ತಂತಿ ನಾನೆತ್ತಿ ಹಿಡ್ಕೊಂತೀನಿ.”